ಜಿಂಕೆಗೆ ಬಿತ್ತಿದ ಹುರುಳಿ

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಹೊಲ ತೋರಿಸಲು ಕರೆದುಕೊಂಡು ಹೋದರು. ಒಂದೊಂದು ಹೊಲದ ಬದುವಿನ ಮೇಲೂ ನಿಂತು ಹೇಳುತ್ತಾ ಬಂದರು. ಇದು ರಾಗಿ ಹೊಲ, ಇಲ್ಲಿ ಮನೆ ಖರ್ಚಿಗೆ ತರಕಾರಿ ಹಾಕುವುದು, ಇದು ನಿಮ್ಮ ಮಾವ ನೆಟ್ಟ ಮಾವಿನ ತೋಪು. ಕೊನೆಗೆ ಗುಡ್ಡದ ಬುಡದಲ್ಲಿ ತಂಗಡಿ ಮತ್ತು ಕಾರೆ ಪೊದೆಗಳ ನಡುವೆ ಇದ್ದ ಅರ್ಧ ಎಕರೆಯಷ್ಟು ಕೆಮ್ಮಣ್ಣಿನ ತುಂಡನ್ನು ತೋರಿಸಿ, "ಇದು ಜಿಂಕೆಗಳದ್ದು" ಎಂದರು. ಹೊಸ ಸೊಸೆಗೆ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅತ್ತೆ ನಗಲಿಲ್ಲ.

ನಮ್ಮದು ಶ್ರೀನಿವಾಸಪುರದಿಂದ ಯಲ್ದೂರಿನ ಕಡೆ ಹೋಗುವ ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಸಣ್ಣ ಹಳ್ಳಿ. ನಾನು ಹುಟ್ಟಿ ಬೆಳೆದದ್ದು ಮಾಲೂರಿನ ಕಡೆ, ಹಿಪ್ಪುನೇರಳೆ ತೋಟವಿದ್ದ ಮನೆಯಲ್ಲಿ. ನಮ್ಮಪ್ಪನ ಮನೆಯಲ್ಲಿ ಒಂದು ಎಲೆಯನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಹಾಗೆ ಬೆಳೆದವಳಿಗೆ, ಉತ್ತು ಬಿತ್ತಿ ಕಾಯ್ದು ಕೊನೆಗೆ ಒಂದು ಹಿಡಿ ಕಾಳನ್ನೂ ಮನೆಗೆ ತರದ ಹೊಲ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಇದೇನು ಮನೆಯೋ, ಇವರೇನು ಬೇಸಾಯಗಾರರೋ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿ ಜೋರು ಎಂಬ ಹೆಸರು ನನಗೆ ಆಮೇಲೆ ಬಂದದ್ದು. ಆಗಿನ್ನೂ ಹೊಸ ಸೊಸೆ, ತಲೆ ತುಂಬ ಸೆರಗು.

ಮಾವನಿಗೆ ಬೇಟೆಯ ಹುಚ್ಚು. ಅವರ ಹತ್ತಿರ ಲೈಸೆನ್ಸಿನ ತುಪಾಕಿ ಇತ್ತು. ಬೇರೆಯವರು ಜಿಂಕೆಯನ್ನು ಹುಡುಕಿಕೊಂಡು ಗುಡ್ಡವೆಲ್ಲ ಅಲೆದರೆ ಮಾವ ಮಾತ್ರ ಜಿಂಕೆಯನ್ನು ಮನೆ ಬಾಗಿಲಿಗೆ ಬರಮಾಡಿಕೊಳ್ಳುವ ಜಾತಿ. ಈ ವಿದ್ಯೆಯನ್ನು ಅವರು ಮುಳಬಾಗಿಲು ಸೀಮೆಯ ದೇವರಾಯಸಮುದ್ರದಲ್ಲಿದ್ದ ಅವರ ಸೋದರಮಾವನಿಂದ ಕಲಿತಿದ್ದರಂತೆ. ಮುಂಗಾರಿನ ಮೊದಲ ಹದಕ್ಕೆ ಆ ತುಂಡಿಗೆ ಅಲಸಂದೆ, ಹೆಸರು ಬೀಳುತ್ತಿತ್ತು. ಅದು ಮುಗಿಯುವ ಹೊತ್ತಿಗೆ ಮತ್ತೊಮ್ಮೆ ಉತ್ತು, ಹಸ್ತದ ಮಳೆಗೆ ಹುರುಳಿ. ಬೇಸಿಗೆಯಲ್ಲಿ ಬಿತ್ತಲು ಏನೂ ಇಲ್ಲದಾಗ ಕಲ್ಲುಬಾನಿಗೆ ನೀರು, ಪಕ್ಕದ ಚಪ್ಪಡಿಯ ಮೇಲೆ ಒಂದಿಷ್ಟು ಉಪ್ಪು, ತೋಪಿನಲ್ಲಿ ಉದುರಿದ ಮಾವಿನ ಮಿಡಿ. ಒಟ್ಟಿನಲ್ಲಿ ವರ್ಷದ ಯಾವ ಕಾಲದಲ್ಲಿ ಬಂದರೂ ಜಿಂಕೆ ಬರಿ ಬಾಯಲ್ಲಿ ಹಿಂದೆ ಹೋಗಬಾರದು. ಹೊಲದ ಸುತ್ತ ದನ, ಮೇಕೆ ನುಗ್ಗದಂತೆ ಮುಳ್ಳು ಬೇಲಿ, ಗುಡ್ಡದ ಕಡೆಗೆ ಮಾತ್ರ ಬೇಲಿ ತೆರೆದು ಬಿಟ್ಟ ಜಾಗ. ಆ ಜಾಗಕ್ಕೆ ಎದುರಾಗಿ ಬದುವಿನ ಪಕ್ಕ ಒಂದು ಗುಂಡಿ. ಗುಂಡಿಯಲ್ಲಿ ಕೂತು ಮುಂದೆ ತಂಗಡಿ ಕೊಂಬೆ ನೆಟ್ಟುಕೊಂಡರೆ ಮಾವ ಅಲ್ಲಿದ್ದಾರೆಂದು ನಮಗೇ ಗೊತ್ತಾಗುತ್ತಿರಲಿಲ್ಲ.

ವರ್ಷಪೂರ್ತಿ ಮೇಯಿಸಿದ್ದಕ್ಕೆ ಹೊಡೆಯುತ್ತಿದ್ದದ್ದು ಹೆಚ್ಚೆಂದರೆ ಒಂದೆರಡು. ಅದೂ ಸಂಕ್ರಾಂತಿಯ ಮರುದಿನ, ಕನುಮದಂದು. ನಮ್ಮ ಕಡೆ ಸಂಕ್ರಾಂತಿಗೆ ಸಿಹಿ, ಕನುಮಕ್ಕೆ ಬಾಡು. ಅವತ್ತು ಮಾವನ ಮನೆಯಿಂದ ಊರಿನ ಒಕ್ಕಲುಗಳಿಗೆಲ್ಲ ಪಾಲು ಹೋಗಬೇಕು. ಮುತ್ತುಗದೆಲೆಯ ಮೇಲೆ ಗುಡ್ಡೆಗುಡ್ಡೆಯಾಗಿ ಬಾಡು ಹಾಕಿ, ಎಲ್ಲರ ಮುಂದೆ ಹಂಚಿ, ಕೊನೆಯ ಗುಡ್ಡೆಯನ್ನು ಮನೆಗೆ ತಂದಾಗ ಮಾವನ ಮುಖ ನೋಡಬೇಕಿತ್ತು. ಊರಿಗೇ ಮದುವೆ ಊಟ ಹಾಕಿಸಿದವರ ಹಾಗೆ ಬೀಗುತ್ತಿದ್ದರು.

ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ತುಪಾಕಿ ಹಿಡಿಯುವ ಕೈ ಆ ಹೊಲಕ್ಕೆ ಬೀಜ ಹಾಕಬಾರದು. ಮಾವ ಉಳುತ್ತಿದ್ದರು, ಬೇಲಿ ಕಟ್ಟುತ್ತಿದ್ದರು, ಬೀಜ ಮಾತ್ರ ಮುಟ್ಟುತ್ತಿರಲಿಲ್ಲ. ಬೀಜ ಬಿತ್ತುವುದು ಮನೆಯ ಹೆಂಗಸು. ಮೊದಲು ಮಾವನ ತಾಯಿ, ಆಮೇಲೆ ಅತ್ತೆ. ಇನ್ನೊಂದು ವಿಷಯ ಯಾರೂ ಕಟ್ಟುಪಾಡು ಮಾಡಿದ್ದಲ್ಲ, ಅತ್ತೆ ತಾವಾಗಿ ಹಿಡಿದುಕೊಂಡದ್ದು. ಕನುಮದ ದಿನ ಮನೆಯವರೆಲ್ಲ ಬಾಡಿನ ಸಾರು ಸವಿಯುವಾಗ ಅವರು ಮೂಲೆಯಲ್ಲಿ ಕೂತು ಸೊಪ್ಪಿನ ಸಾರಿನಲ್ಲಿ ಮುದ್ದೆ ನುಂಗುತ್ತಿದ್ದರು. ಕೋಳಿ, ಕುರಿ ತಿನ್ನದವರೇನಲ್ಲ. ಜಿಂಕೆ ಮಾತ್ರ ಬೇಡ.

ನನಗೆ ಇದೆಲ್ಲ ಸೋಗು ಎನಿಸಿತು. ಒಂದು ದಿನ ಬಾಯಿ ತಡೆಯಲಾರದೆ ಕೇಳಿಯೇ ಬಿಟ್ಟೆ. "ಅತ್ತೆಮ್ಮ, ನಮ್ಮಪ್ಪನ ಮನೇಲಿ ರೇಷ್ಮೆ ಹುಳಕ್ಕೆ ಹೊತ್ತು ಹೊತ್ತಿಗೆ ಎಲೆ ಹಾಕಿ ಮಕ್ಕಳನ್ನ ನೋಡ್ಕೊಂಡಂಗೆ ನೋಡ್ಕೊಳ್ತೀವಿ. ಆಮೇಲೆ ಗೂಡು ಕಟ್ಟಿದ್ಮೇಲೆ ಬಿಸಿನೀರಿಗೆ ಹಾಕೋದಿಲ್ವಾ? ಸಾಕೋದೂ ನಾವೇ, ಸಾಯ್ಸೋದೂ ನಾವೇ. ಅದಕ್ಯಾಕೆ ಇಷ್ಟು ಸಂಕಟ?"

ಅತ್ತೆ ಕಾಳು ಕೇರುತ್ತಿದ್ದ ಮೊರ ನಿಲ್ಲಿಸಿ ನನ್ನನ್ನು ನೋಡಿದರು. "ನಿಮ್ಮಪ್ಪನ ಮನೆ ಹುಳ, ನೀನು ಹೋದ್ರೆ ತಲೆ ಎತ್ತಿ ನೋಡ್ತಿತ್ತೇನೇ?" ಎಂದರು. ಮತ್ತೆ ಕೇರಲು ಶುರು ಮಾಡಿದರು. ಆ ಮಾತು ಅವತ್ತು ನನಗೆ ಅಷ್ಟಾಗಿ ಹತ್ತಲಿಲ್ಲ.

ನಮ್ಮವರು ಕೋಲಾರಕ್ಕೆ ಓಡುವ ಬಸ್ಸಿನಲ್ಲಿ ಕ್ಲೀನರ್ ಆಗಿದ್ದು ಮೋಟಾರು ನಡೆಸಲು ಕಲಿತಿದ್ದರು. ಯುದ್ಧ ಶುರುವಾಗಿ, ಡ್ರೈವರುಗಳನ್ನು ಮಿಲಿಟರಿಗೆ ತೆಗೆದುಕೊಳ್ಳುತ್ತಾರೆಂಬ ಸುದ್ದಿ ಬಂದದ್ದೇ ತಡ, ಕೋಲಾರಕ್ಕೆ ಹೋಗಿ ಸೇರಿ ಬಂದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ನನಗೆ ಸಿಟ್ಟು ಬಂತೋ ಅಳು ಬಂತೋ ಹೇಳಲಾರೆ, ಎರಡೂ ಒಟ್ಟಿಗೇ ಬಂದವು. ಹೋದ ಹೊಸತರಲ್ಲಿ ಕಾಗದ ಬರುತ್ತಿತ್ತು. ಮಗ ಬರ್ಮಾದ ಕಡೆ ಲಾರಿ ಓಡಿಸುತ್ತಿದ್ದಾನೆ ಎಂದು ಮಾವ ಊರಿನಲ್ಲೆಲ್ಲ ಹೇಳಿಕೊಂಡು ಬಂದರು. ಆಮೇಲೆ ಕಾಗದ ನಿಂತಿತು. ಒಂದು ಮುಂಗಾರು ಹೋಯಿತು, ಹಿಂಗಾರೂ ಬಂತು, ಸುದ್ದಿಯೇ ಇಲ್ಲ. ಅತ್ತೆ ಅನ್ನದ ಮುಂದೆ ಕೂತು ಕೈ ಆಡಿಸಿ ಎದ್ದು ಹೋಗುವುದು, ಮಾವ ಜಗುಲಿಯಲ್ಲಿ ಸುಮ್ಮನೆ ಬೀಡಿ ಸೇದುವುದು. ಮನೆಗೆ ಮಂಕು ಬಡಿದ ಹಾಗಿತ್ತು.

ಆ ವರ್ಷದ ಹಸ್ತದ ಮಳೆ ಬಿದ್ದ ಮಾರನೆಯ ದಿನ ಅತ್ತೆ ಹುರುಳಿ ಬೀಜದ ಮಂಕರಿಯನ್ನು ದೇವರ ಗೂಡಿನ ಮುಂದೆ ಇಟ್ಟು, ಮಾವನನ್ನು ಕರೆದು ಹರಕೆ ಹೇಳಿದರು. "ನನ್ ಮಗ ಮನೆಗೆ ಬರೋವರ್ಗೂ ಆ ಹೊಲದಲ್ಲಿ ತುಪಾಕಿ ಎತ್ತಕೂಡದು. ಆ ಹೊಲದ ಒಂದು ಕಾಳೂ ಮನೆಗೆ ತರಕೂಡದು. ಬಿತ್ತೋದು ಮಾತ್ರ ನಿಲ್ಲಿಸಕೂಡದು. ಅದು ಮುಡಿಪು."

ಮಾವ ಬಾಯಿ ತೆರೆದರು. ಅತ್ತೆ ಬಿಡಲಿಲ್ಲ. "ನಾವು ಕರೆದು ಉಣ್ಣಿಸಿ ಹೊಡೀತೀವಿ. ಅವನೂ ಎಲ್ಲೋ ಯಾರೋ ಹಾಕಿದ ಅನ್ನ ತಿಂತಾ ಇದ್ದಾನೆ. ಇಲ್ಲಿ ನಾವು ನಿಲ್ಲಿಸಿದ್ರೆ ಅಲ್ಲೂ ಯಾರೋ ಒಬ್ರು ಕೈ ನಿಲ್ಲಿಸ್ತಾರೆ."

ಮಾವ ಒಳಗೆ ಹೋಗಿ ತುಪಾಕಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು. ಅವರಿಗೆ ಸಿಟ್ಟು ಬಂದರೆ ತೆಲುಗು, ಸಮಾಧಾನವಾಗಿದ್ದರೆ ಕನ್ನಡ. ಅವತ್ತು ಎರಡೂ ಬರಲಿಲ್ಲ.

ಅತ್ತೆಗೆ ಮಂಡಿ ನೋವು. ಬಗ್ಗಿ ಬಿತ್ತುವುದು ಆಗುತ್ತಿರಲಿಲ್ಲ. ಹಾಗಾಗಿ ಮುಡಿಪಿನ ಹೊಲ ನನ್ನ ಪಾಲಿಗೆ ಬಂತು. ನಾನು ಬೇಡವೆನ್ನಲಿಲ್ಲ, ಬರಬೇಕಾದವರು ನನ್ನ ಗಂಡನೇ ತಾನೇ. ಆದರೆ ಅದು ಎಂಥ ಕಾಲ! ಸರ್ಕಾರ ರಾಗಿಗೆ ಲೆವಿ ಹಾಕಿ ಅಳೆದುಕೊಂಡು ಹೋಗುತ್ತಿತ್ತು. ಮುದ್ದೆ ಚಿಕ್ಕದಾಗಿ, ಸಾರು ನೀರಾಗಿ, ಊರಿನವರೆಲ್ಲ ಸೊರಗಿದ್ದರು. ಅಂಥದ್ದರಲ್ಲಿ ನಾನು ಮಂಕರಿ ಹೊತ್ತುಕೊಂಡು ಹೋಗಿ ಜಿಂಕೆಗಳಿಗೆ ಹುರುಳಿ ಬಿತ್ತಿ ಬರುವುದು. ಬಾವಿಯ ಹತ್ತಿರ ಹೆಂಗಸರು ಸುಮ್ಮನಿರುತ್ತಾರೆಯೇ? "ಏನಮ್ಮಾ, ನಿನ್ನ ಬೀಗರಿಗೆ ಊಟ ಆಯ್ತಾ?" ಎಂದು ಕೇಳುತ್ತಿದ್ದರು. "ಆಯ್ತು, ನಿಮ್ಮನ್ನೂ ಕೇಳಿದ್ರು" ಎನ್ನುತ್ತಿದ್ದೆ. ಬಾಯಿ ಜೋರು ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಆದರೆ ಒಳಗೆ ನನಗೂ ಅದೇ ಉರಿ. ಹೊಲದಲ್ಲಿ ಹುರುಳಿ ಬಲಿತು ನಿಂತಾಗ ಆ ವಾಸನೆಗೇ ಹುರುಳಿ ಕಟ್ಟಿನ ಸಾರು ನೆನಪಾಗಿ ಬಾಯಲ್ಲಿ ನೀರೂರುತ್ತಿತ್ತು. ಜಿಂಕೆಗಳು ಅರ್ಧ ತಿಂದು ಅರ್ಧ ತುಳಿದು ಹಾಕಿದ್ದನ್ನು ನೋಡಿ, ನಿಮಗೆ ಬಂದ ರೋಗವೇನು, ನೆಟ್ಟಗೆ ತಿನ್ನಬಾರದೇ ಎಂದು ಗಟ್ಟಿಯಾಗಿ ಬೈದದ್ದೂ ಉಂಟು.

ದಿನಾ ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಬೇಕು. ಬೇಲಿ ನೋಡಬೇಕು, ಬಾನಿಗೆ ನೀರು ತುಂಬಬೇಕು, ಮೇಕೆ ನುಗ್ಗಿದ್ದರೆ ಓಡಿಸಬೇಕು. ಮೊದಮೊದಲು ಮಂಕರಿ ಹೊತ್ತ ನನ್ನ ತಲೆ ಬದುವಿನ ಮೇಲೆ ಕಂಡರೆ ಸಾಕು, ಜಿಂಕೆಗಳು ಹಾರಿ ಗುಡ್ಡ ಸೇರುತ್ತಿದ್ದವು. ದಿನ ಕಳೆದ ಹಾಗೆ ಓಡುವುದು ಬಿಟ್ಟು ದೂರ ಸರಿದು ನಿಲ್ಲತೊಡಗಿದವು. ಆಮೇಲೆ ಸರಿಯುವುದನ್ನೂ ಬಿಟ್ಟವು. ಸುರುಳಿ ಕೊಂಬಿನ ಕರಿಯ ಗಂಡು ಜಿಂಕೆ, ನಾವು ಹೋತ ಎನ್ನುವುದು, ಆ ಹಿಂಡಿಗೆ ಯಜಮಾನ. ನಾನು ಬಂದರೆ ಅದು ತಲೆ ಎತ್ತಿ ನೋಡುವುದು. ನಾನೇ ಎಂದು ಗೊತ್ತಾದ ಮೇಲೆ ತಲೆ ತಗ್ಗಿಸಿ ಮೇಯುವುದು. ಅದು ತಗ್ಗಿಸಿದರೆ ಉಳಿದವೂ ತಗ್ಗಿಸುವುವು. ನಮ್ಮಪ್ಪನ ಮನೆಯ ಹುಳದ ಬಗ್ಗೆ ಅತ್ತೆ ಕೇಳಿದ್ದ ಮಾತು ನನಗೆ ಅರ್ಥವಾದದ್ದು ಆಗ, ಬಾನಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದಾಗ.

ಒಂದು ಸಲ ಹೊಲದ ನಡುವೆ ಕಳೆ ಕೀಳುತ್ತಾ ಹೋಗುತ್ತಿದ್ದೆ. ಕಾಲಿಡಬೇಕು, ಅಷ್ಟರಲ್ಲಿ ಅಲಸಂದೆ ಬಳ್ಳಿಯ ಕೆಳಗೆ ಏನೋ ಮಿಸುಕಿತು. ಒಂದು ಮರಿ. ಹುಟ್ಟಿ ಎರಡು ಮೂರು ದಿನವಾಗಿತ್ತೋ ಏನೋ, ಕತ್ತನ್ನು ನೆಲಕ್ಕೆ ಚಾಚಿ ಉಸಿರು ಬಿಗಿಹಿಡಿದು ಮಲಗಿತ್ತು. ತಾಯಿ ಹತ್ತಿರದಲ್ಲೇ ನಿಂತಿತ್ತು. ಓಡಲಿಲ್ಲ, ಕಾಲು ಕೂಡ ಎತ್ತಲಿಲ್ಲ. ನನ್ನನ್ನೇ ನೋಡುತ್ತಿತ್ತು. ನಾನು ಹಿಂದಕ್ಕೆ ಹೆಜ್ಜೆ ಇಟ್ಟು ಬದುವಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಗಂಡ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಗಂಡನ ಮುಖ ನನಗೆ ಸರಿಯಾಗಿ ನೆನಪಾಗದ ಹಾಗಾಗಿತ್ತು. ಆ ಜಿಂಕೆಗಳಲ್ಲಿ ಯಾವುದಕ್ಕೆ ಕಿವಿ ಸೀಳಿದೆ, ಯಾವುದು ಕುಂಟುತ್ತದೆ, ಯಾವುದು ಉಪ್ಪಿಗೆ ಜಗಳವಾಡುತ್ತದೆ ಎಂಬುದೆಲ್ಲ ಬಾಯಿಪಾಠವಾಗಿತ್ತು.

ಆ ದಿನದಿಂದಲೇ ನನಗೆ ಹೊಸ ಸಂಕಟ ಅಂಟಿಕೊಂಡಿತು. ಗಂಡ ಬರಲಿ ಎಂದು ದಿನಾ ಕೈ ಮುಗಿಯುತ್ತೇನೆ. ಅವರು ಬಂದ ದಿನ ಹರಕೆ ತೀರುತ್ತದೆ. ಹರಕೆ ತೀರಿದರೆ ಅಟ್ಟದಿಂದ ತುಪಾಕಿ ಇಳಿಯುತ್ತದೆ. ಆಗ ಇವುಗಳ ಗತಿ? ಮೊದಲಾದರೆ ಗುಂಡಿಯಲ್ಲಿ ಕೂತ ಮಾವನಿಗೆ ಒಂದು ಸಿಕ್ಕರೆ ಹತ್ತು ತಪ್ಪಿಸಿಕೊಳ್ಳುತ್ತಿದ್ದವು. ಈಗ ಇವು ಮನುಷ್ಯರನ್ನು ಕಂಡರೆ ಹೆದರುವುದನ್ನೇ ಮರೆತಿವೆ. ಮರೆಸಿದವಳು ನಾನೇ. ಇದನ್ನು ಯಾರ ಹತ್ತಿರ ಹೇಳಲಿ? ಗಂಡ ಬರುವುದು ಬೇಡವೇ ನಿನಗೆ ಎಂದು ಕೇಳಿದರೆ ಏನು ಹೇಳಲಿ?

ಯುದ್ಧ ಮುಗಿಯಿತು ಎಂದು ಶ್ರೀನಿವಾಸಪುರದ ಸಂತೆಗೆ ಹೋಗಿ ಬಂದವರು ಹೇಳಿದರು. ಆ ಮೇಲೂ ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ, ಸಂಕ್ರಾಂತಿ ಇನ್ನೇನು ಬಂತು ಎನ್ನುವಾಗ, ನಮ್ಮವರು ಹೆಗಲ ಮೇಲೆ ಮಿಲಿಟರಿ ಕಂಬಳಿ ಹಾಕಿಕೊಂಡು, ಬಾಯಲ್ಲಿ ಸಿಗರೇಟು ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ದಪ್ಪಗಾಗಿದ್ದರು. ನಾವು ಇಲ್ಲಿ ಅವರನ್ನು ನೆನೆದು ಸೊರಗಿದ್ದರೆ ಅವರು ಅಲ್ಲಿ ಡಬ್ಬದ ಮೀನು ತಿಂದು ಕೆನ್ನೆ ಬೆಳೆಸಿಕೊಂಡಿದ್ದರು. ಕಾಗದ ಯಾಕೆ ಬರೆಯಲಿಲ್ಲ ಎಂದರೆ, ಬರೆದೆ, ಬರಲಿಲ್ಲವೇ ಎಂದು ನಮ್ಮನ್ನೇ ಕೇಳಿದರು. ಅತ್ತೆ ಮಗನ ಕೆನ್ನೆ, ಕಿವಿ, ಕೈ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ನಾನು ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಸಂತೋಷವಾಗಿತ್ತು, ಅದರಲ್ಲಿ ಸುಳ್ಳಿಲ್ಲ.

ಆ ಸಂಜೆಯೇ ಮಾವ ಅಟ್ಟದಿಂದ ತುಪಾಕಿ ಇಳಿಸಿ ಎಣ್ಣೆ ಬಟ್ಟೆಯಲ್ಲಿ ಒರೆಸಲು ಕೂತರು. "ಹರಕೆ ತೀರ್ತು ಕಣೋ. ಈ ಸಲ ಕನುಮಕ್ಕೆ ಮೊದಲನೇ ಏಟು ನಿಂದು. ಊರಿಗೆಲ್ಲ ಪಾಲು ಕೊಟ್ಟು ಎಷ್ಟು ಕಾಲ ಆಯ್ತು" ಎಂದು ಮಗನಿಗೆ ಹೇಳಿದರು. ಜಿಂಕೆಗಳು ಈಗ ಎಷ್ಟು ಸಲಿಗೆಯಾಗಿವೆ, ಸೊಸೆ ಹೋದರೆ ಕದಲುವುದಿಲ್ಲ ಎಂಬುದನ್ನೂ ಹೊಗಳಿಕೆಯೆಂದೇ ಹೇಳಿದರು.

ನಮ್ಮವರು ತೊಡೆ ತಟ್ಟಿಕೊಂಡು ನಕ್ಕರು. "ಹಂಗಾದ್ರೆ ಗುಂಡಿ ಯಾಕಪ್ಪ? ಇವಳು ದಿನಾ ಹೋಗೋ ಹಂಗೆ ಮಂಕರಿ ಹೊತ್ಕೊಂಡು ಮುಂದೆ ಹೋಗ್ಲಿ. ನಾನು ಇವಳ ಹಿಂದೆ ಬಗ್ಗಿಕೊಂಡು ಬರ್ತೀನಿ. ಎತ್ತಿನ ಮರೇಲಿ ಹೋಗಿ ಹೊಡೆಯೋದಿಲ್ವಾ, ಹಂಗೆ."

ಅವರು ಕೆಟ್ಟದ್ದಾಗಿ ಹೇಳಲಿಲ್ಲ. ಹೆಂಡತಿಯನ್ನೂ ತನ್ನ ಬೇಟೆಗೆ ಸೇರಿಸಿಕೊಳ್ಳುವ ಉತ್ಸಾಹ ಅದು, ಸಲಿಗೆ ಅದು. ಅಷ್ಟು ಕಾಲದ ಮೇಲೆ ಬಂದ ಗಂಡ ಕೇಳಿದ ಮೊದಲ ಮಾತಿಗೆ ಇಲ್ಲವೆನ್ನುವುದು ಹೇಗೆ? ಬಾವಿಕಟ್ಟೆಯಲ್ಲಿ ಮಳೆಗಾಲದ ಕಪ್ಪೆಯ ಹಾಗೆ ವಟಗುಟ್ಟುತ್ತಿದ್ದ ನನ್ನ ಬಾಯಿಗೆ ಬೀಗ ಬಿತ್ತು. ಅಡುಗೆಮನೆಗೆ ಹೋಗಿ ಒಲೆಗೆ ಸುಮ್ಮನೆ ಸೌದೆ ತುರುಕುತ್ತಾ ಕೂತೆ.

ಅತ್ತೆ ಹಿಂದೆಯೇ ಬಂದರು. ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು. "ಹರಕೆ ಮುಗೀತು ಅಂದ್ರಲ್ಲ ನಿಮ್ಮಾವ. ನೀನೂ ಕೇಳ್ಸಿಕೊಂಡ್ಯಾ?"

"ಕೇಳ್ಸಿಕೊಂಡೆ ಅತ್ತೆಮ್ಮ."

"ಹರಕೇಲಿ ಬಿತ್ತೋ ಮಾತು ಬಿಟ್ರೆ ಇನ್ನೆರಡು ಮಾತಿತ್ತು. ತುಪಾಕಿ ಎತ್ತಕೂಡದು ಅಂತ ಒಂದು. ಕಾಳು ಮನೆಗೆ ತರಕೂಡದು ಅಂತ ಒಂದು. ತುಪಾಕಿಗೆ ಮುಗಿದ್ರೆ ಕಾಳಿಗೂ ಮುಗೀತು, ಹೌದಾ ಅಲ್ವಾ?" ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. "ಸಂಕ್ರಾಂತಿ ದಿನ ಗಂಡಸರೆಲ್ಲ ಎತ್ತು ತೊಳೆಯೋಕೆ ಕೆರೆಗೆ ಹೋಗ್ತಾರೆ. ಹುರುಳಿ ಬಲ್ತಿದೆ. ಬಾವಿ ಹತ್ರ ನಿನ್ನ ರೇಗಿಸ್ತಾರಲ್ಲ, ಅವರ್ನೆಲ್ಲ ಕರಿ. ಕಿತ್ತಷ್ಟು ಕಿತ್ತವರಿಗೆ. ಮೇವಿಲ್ದ ಹೊಲಕ್ಕೆ ಅವು ಯಾಕೆ ಬರ್ತವೆ?"

ಆ ಮುದುಕಿಯ ಕಾಲಿಗೆ ಬೀಳಬೇಕು ಎನಿಸಿತು. ಸೋಗು ಎಂದು ಅಂದುಕೊಂಡಿದ್ದೆನಲ್ಲ, ಅದೇ ಹೆಂಗಸು.

ಸಂಕ್ರಾಂತಿಯ ದಿನ ಬೇರೆ ಮನೆಗಳಲ್ಲಿ ಹುಗ್ಗಿ ಬೇಯುತ್ತಿದ್ದಾಗ ನಾವು ಗುಡ್ಡದ ಬುಡದಲ್ಲಿದ್ದೆವು. ಹೆಂಗಸರು ಸೆರಗು ಬಿಗಿದು ಸಾಲಾಗಿ ನಿಂತು ಹುರುಳಿ ಗಿಡವನ್ನು ಬೇರುಸಹಿತ ಕಿತ್ತರು. ಬಡತನದ ಕಾಲದಲ್ಲಿ ಕಾಳು ಎಂದರೆ ಯಾರಿಗೆ ಬೇಡ? ಕೈಗಳು ಹಾರಾಡಿದವು. ಅತ್ತೆ ಮಂಡಿ ನೋವನ್ನೂ ಮರೆತು ನೆಲದ ಮೇಲೆ ಕೂತು ತೆವಳುತ್ತಾ ಕಿತ್ತರು. ಸಂಜೆಯಾಗುವ ಮೊದಲೇ ಹೊಲ ಕ್ಷೌರ ಮಾಡಿಸಿಕೊಂಡ ತಲೆಯ ಹಾಗಾಯಿತು. ಬಾನಿಯ ನೀರನ್ನೂ ನಾನೇ ಚೆಲ್ಲಿದೆ.

ಎತ್ತುಗಳನ್ನು ಕಿಚ್ಚು ಹಾಯಿಸಿ ಮಾವ ಮನೆಗೆ ಬಂದಾಗ ಅಂಗಳದಲ್ಲಿ ಹುರುಳಿ ಗಿಡದ ರಾಶಿ. ನೋಡಿದರು, ನೋಡಿದರು, ಆಮೇಲೆ ತೆಲುಗು ಶುರುವಾಯಿತು. "ಓಸಿ, ಮೀ ಇಲ್ಲು ಬಂಗಾರಂಗಾನು!" ಅದು ಬೈಗುಳ. ಕೇಳಿದರೆ ಮಾತ್ರ ನಿಮ್ಮ ಮನೆ ಬಂಗಾರವಾಗಲಿ ಎಂಬ ಹಾರೈಕೆ. ಅತ್ತೆ ತಣ್ಣಗೆ, "ಆಗ್ಲಿ ಬಿಡಿ, ಹುರುಳಿನಾದ್ರೂ ಆಯ್ತಲ್ಲ" ಎಂದರು. ಹರಕೆಯ ಆ ಎರಡು ಮಾತನ್ನೂ ಬಿಡಿಸಿ ಹೇಳಿದರು. ಮಾವ ಸ್ವಲ್ಪ ಹೊತ್ತು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿ, ಕೊನೆಗೆ ಕನ್ನಡಕ್ಕೆ ಇಳಿದರು. "ಹೊಲ ಕಿತ್ತಿರಿ ಸರಿ. ಅವಕ್ಕೇನು ಹೇಳಿ ಕಳ್ಸಿದೀರಾ? ಅಭ್ಯಾಸ ಆಗಿದೆ, ಬೆಳಿಗ್ಗೆ ಬಂದೇ ಬರ್ತವೆ. ಬರಿ ಹೊಲದಲ್ಲಿ ಇನ್ನೂ ಚೆನ್ನಾಗಿ ಕಾಣ್ತವೆ."

ಅತ್ತೆಯ ಮುಖ ಸಪ್ಪಗಾಯಿತು. ಇದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಮಾವ ಹೇಳಿದ್ದು ಸರಿಯಾಗಿತ್ತು.

ಕನುಮದ ಬೆಳಗು. ಚಳಿ, ಹುಲ್ಲಿನ ಮೇಲೆ ಇಬ್ಬನಿ. ನಾನು ದಿನಾ ಉಡುವ ಕಂದು ಸೀರೆಯನ್ನೇ ಉಟ್ಟು, ಖಾಲಿ ಮಂಕರಿ ಹೊತ್ತು ಮುಂದೆ ನಡೆದೆ. ನನ್ನ ಬೆನ್ನಿಗೆ ಅಂಟಿದ ಹಾಗೆ ನಮ್ಮವರು, ತುಪಾಕಿ ಹಿಡಿದು ಬಗ್ಗಿಕೊಂಡು ಬರುತ್ತಿದ್ದರು. ಮಾವ ಮತ್ತು ಊರಿನ ನಾಲ್ಕು ಮಂದಿ ದೂರದಲ್ಲಿ ತೋಪಿನ ಮರೆಯಲ್ಲಿದ್ದರು. ದಾರಿಯುದ್ದಕ್ಕೂ ದೇವರಲ್ಲಿ ಒಂದೇ ಮಾತು ಕೇಳಿಕೊಂಡೆ. ಇವತ್ತೊಂದು ದಿನ ಬರದೆ ಇರಲಿ.

ಬಂದಿದ್ದವು. ಎಲ್ಲವೂ ಬಂದಿದ್ದವು. ಬರಿ ನೆಲದ ಮೇಲೆ ಅಲ್ಲಲ್ಲಿ ಉದುರಿದ ಕಾಯಿಗಳನ್ನು ಮೂಸುತ್ತಾ ತಿರುಗುತ್ತಿದ್ದವು. ಮರಿ ಈಗ ಬೆಳೆದು ತಾಯಿಯ ಹೊಟ್ಟೆಯವರೆಗೆ ಬಂದಿತ್ತು. ಬದುವಿನ ಮೇಲೆ ನನ್ನ ಮಂಕರಿ ಕಂಡ ಕೂಡಲೇ ಕರಿಯ ಹೋತ ತಲೆ ಎತ್ತಿತು. ನೋಡಿತು. ನಾನೇ ಎಂದು ಗೊತ್ತಾಯಿತು. ಮತ್ತೆ ತಲೆ ತಗ್ಗಿಸಿತು. ಅಷ್ಟೇ ಅಲ್ಲ, ಊಟ ಎಲ್ಲಿ ಎಂದು ಕೇಳುವ ಹಾಗೆ ನನ್ನ ಕಡೆಗೇ ಎರಡು ಹೆಜ್ಜೆ ಹಾಕಿತು.

"ಇನ್ನು ಸ್ವಲ್ಪ ಮುಂದೆ ಹೋಗು" ಎಂದು ಹಿಂದಿನಿಂದ ಪಿಸುಮಾತು ಬಂತು. ನನ್ನ ತೋಳಿನ ಪಕ್ಕದಿಂದ ತುಪಾಕಿಯ ತುದಿ ಮುಂದಕ್ಕೆ ಚಾಚಿತು.

ನಾನು ಮಂಕರಿಯನ್ನು ಕೆಳಗೆ ಒಗೆದೆ. ಬಗ್ಗಿ ಕಾಲ ಹತ್ತಿರವಿದ್ದ ಹೆಂಟೆಯನ್ನು ಎತ್ತಿಕೊಂಡು ಬೀಸಿ ಹೊಡೆದೆ. ಅದು ಹೋತದ ಭುಜಕ್ಕೆ ಬಡಿದು ಪುಡಿಯಾಯಿತು. ಅದು ಬೆದರಿತು, ಆದರೆ ಓಡಲಿಲ್ಲ. ಏನಾಯಿತೆಂದು ಅದಕ್ಕೆ ತಿಳಿಯಲಿಲ್ಲ. ನನ್ನನ್ನೇ ನೋಡುತ್ತಾ ನಿಂತಿತು. ಆ ನೋಟ ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. "ಹೋಗೋ! ಹೋಗೋ ಹಾಳಾದವನೇ, ಹೋಗು!" ಎಂದು ಕಿರುಚಿಕೊಂಡೆ. ಇನ್ನೊಂದು ಹೆಂಟೆ, ಮತ್ತೊಂದು ಹೆಂಟೆ. ತಾಯಿಗೂ ಹೊಡೆದೆ, ಮರಿಗೂ ಹೊಡೆದೆ. ಸೆರಗು ಜಾರಿತು, ಕೂದಲು ಬಿಚ್ಚಿತು, ಬಾಯಿಗೆ ಬಂದದ್ದೆಲ್ಲ ಬೈಯುತ್ತಾ ಅವುಗಳ ಮೇಲೆ ನುಗ್ಗಿದೆ. ಆಗ ಓಡಿದವು. ಹಾರಿ ಹಾರಿ ಬೇಲಿಯ ತೆರಪಿನಲ್ಲಿ ನುಗ್ಗಿ ಗುಡ್ಡ ಹತ್ತಿದವು. ಮೇಲೆ ಹೋಗಿ ಒಂದೇ ಒಂದು ಸಲ ತಿರುಗಿ ನೋಡಿ ಮರೆಯಾದವು.

ತಿರುಗಿ ನೋಡಿದೆ. ನಮ್ಮವರು ತುಪಾಕಿಯನ್ನು ನೆಲಕ್ಕೆ ಊರಿ ನಿಂತಿದ್ದರು. ಮೊದಲು ನಗು ಬಂದಿತ್ತೋ ಏನೋ, ನನ್ನ ಮುಖ ನೋಡಿ ಅದು ಅಲ್ಲೇ ನಿಂತಿತು. ತೋಪಿನ ಕಡೆಯಿಂದ ಮಾವನ ತೆಲುಗು ಕೇಳಿಸುತ್ತಿತ್ತು. ನಮ್ಮವರು ಉರುಳಿ ಹೋಗಿದ್ದ ಮಂಕರಿಯನ್ನು ಎತ್ತಿ ಮಣ್ಣು ಕೊಡವಿ, ತಾವೇ ಕಂಕುಳಲ್ಲಿ ಇಟ್ಟುಕೊಂಡು ನನ್ನ ಜೊತೆ ನಡೆದರು. ಈ ಮನುಷ್ಯನ ಜೊತೆ ಬಾಳಬಹುದು ಎಂದು ನನಗೆ ಅನಿಸಿದ್ದು ಅವತ್ತೇ.

ಆ ಕನುಮಕ್ಕೆ ಊರಿಗೆ ಬಾಡಿನ ಪಾಲು ಹೋಗಲಿಲ್ಲ. ಎಲ್ಲರ ಮನೆಯಲ್ಲೂ ಹುರುಳಿ ಕಟ್ಟಿನ ಸಾರು, ಮುದ್ದೆ. ನಮ್ಮ ಮನೆಯಲ್ಲಿ ಅತ್ತೆ ಆ ದಿನ ಮೂಲೆಯಲ್ಲಿ ಕೂರಲಿಲ್ಲ. ಮಾವ ಮುಖ ಗಂಟು ಹಾಕಿಕೊಂಡೇ ಉಂಡರು, ಉಪ್ಪು ಕಡಿಮೆ ಎಂದರು, ಮತ್ತೊಂದು ಮುದ್ದೆ ಹಾಕಿಸಿಕೊಂಡರು. ನಾನು ಮಾತ್ರ, ಅಷ್ಟು ಕಾಲ ಆಸೆಪಟ್ಟಿದ್ದ ಆ ಸಾರನ್ನು ಹಾಗೇ ಬಿಟ್ಟು ಕೂತಿದ್ದೆ. ಅತ್ತೆ ನನ್ನ ತಟ್ಟೆ ನೋಡಿದರು, ಹೆಂಟೆ ಎಸೆದಿದ್ದ ನನ್ನ ಬಲಗೈ ನೋಡಿದರು. ಎದ್ದು ಹೋಗಿ ನನಗೆ ಸ್ವಲ್ಪ ಮಜ್ಜಿಗೆ ತಂದುಕೊಟ್ಟರು.

ಮುಂದಿನ ಮಳೆಗಾಲಕ್ಕೆ ಮಾವ ಆ ತುಂಡಿಗೆ ಬೀಜ ಕೇಳಲಿಲ್ಲ. ಮಾವಿನ ಸಸಿ ತಂದು ನೆಟ್ಟರು. ಸಸಿಗಳ ನಡುವಿನ ಹುಲ್ಲಿಗೆ ಆಗೊಮ್ಮೆ ಈಗೊಮ್ಮೆ ಜಿಂಕೆಗಳು ಬರುತ್ತಿದ್ದವು. ದೂರದಿಂದ ಮಾವ ಕಂಡರೆ ಮೇಯುವುದು ನಿಲ್ಲಿಸಿ ನೋಡುತ್ತಿದ್ದವು. ನಮ್ಮವರು ಕಂಡರೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದವು. ಬದುವಿನ ಮೇಲೆ ನನ್ನ ಕಂದು ಸೀರೆ ಕಂಡರೆ ಮಾತ್ರ ಒಂದು ಕ್ಷಣವೂ ನಿಲ್ಲದೆ ಓಡಿಬಿಡುತ್ತಿದ್ದವು.